ಹಂಚಿ ತಿಂದ ಮಾತ್ರೆ

ಸಬೀನಾಳ ಹುಬ್ಬು ಬೆವರಿನಲ್ಲಿ ಕರಗಿ ಕೆನ್ನೆಗೆ ಇಳಿದದ್ದನ್ನು ಕಂಡವಳು ನಾನೊಬ್ಬಳೇ. ಫೆಬ್ರವರಿ ತಿಂಗಳು, ಲಿಮಾದಲ್ಲಿ ಬೇಸಿಗೆ ನೆತ್ತಿಗೇರಿತ್ತು, ನಮ್ಮ ಕೋಣೆಯ ಫ್ಯಾನು ಕೆಟ್ಟು ಮೂರು ವಾರವಾಗಿತ್ತು. ರಕ್ತ ತೆಗೆಯಲೆಂದು ಅವಳ ತೋಳಿಗೆ ಪಟ್ಟಿ ಬಿಗಿದು ತಲೆಯೆತ್ತಿದರೆ ಎಡಹುಬ್ಬಿನಿಂದ ಒಂದು ಕಪ್ಪು ಗೆರೆ ಕೆಳಕ್ಕೆ ಹರಿದಿತ್ತು. ಕೈಲಿದ್ದ ಹತ್ತಿಯಿಂದ ಒರೆಸಿದೆ. ಹತ್ತಿಗೆ ಇದ್ದಿಲ ಮಸಿ ಮೆತ್ತಿತು. ಮಸಿಯ ಕೆಳಗಿದ್ದ ಹುಬ್ಬು ಬೆಳ್ಳಗಿತ್ತು.

ಇಪ್ಪತ್ತಾರು ವರ್ಷದ ಹೆಣ್ಣಿನ ಹುಬ್ಬು ಬೆಳ್ಳಗಾಗಿದ್ದರೆ ನಮ್ಮ ವಿಭಾಗದಲ್ಲಿ ಅದಕ್ಕೆ ಒಂದೇ ಕಾರಣ. ನಮ್ಮಲ್ಲಿ ಆಗ ಹೊಸ ಮಾತ್ರೆಯೊಂದರ ಪರೀಕ್ಷೆ ನಡೆಯುತ್ತಿತ್ತು. ರಕ್ತದ ಕ್ಯಾನ್ಸರಿನಲ್ಲಿ ಬಹಳ ಜೋರಾದ ಜಾತಿಯೊಂದಿದೆ, ತೀವ್ರ ಲ್ಯುಕೇಮಿಯಾ ಎನ್ನುತ್ತೇವೆ. ತಿಂಗಳುಗಟ್ಟಲೆ ಕೀಮೋ ಕೊಟ್ಟು ಅದನ್ನು ಮಲಗಿಸಬಹುದು, ಆದರೆ ಎಷ್ಟೋ ಜನರಲ್ಲಿ ಅದು ವರ್ಷ ಎರಡು ವರ್ಷದೊಳಗೆ ಮತ್ತೆ ಎದ್ದು ಕೂರುತ್ತದೆ. ಹಾಗೆ ಏಳದಂತೆ ತಡೆಯಲು ಈ ಮಾತ್ರೆ. ಅದಕ್ಕಿನ್ನೂ ಹೆಸರಿರಲಿಲ್ಲ, ಒಂದು ನಂಬರಿತ್ತು ಅಷ್ಟೇ. ಒಪ್ಪಿ ಸಹಿ ಹಾಕಿದ ಮೂವತ್ತೆಂಟು ಜನರಲ್ಲಿ ಅರ್ಧದಷ್ಟು ಮಂದಿಗೆ ದಿನಕ್ಕೊಂದು ಮಾತ್ರೆ. ಉಳಿದವರಿಗೆ ಮಾತ್ರೆಯಿಲ್ಲ, ಎಂದಿನಂತೆ ತಿಂಗಳಿಗೊಮ್ಮೆ ರಕ್ತ ನೋಡುವುದು, ಕಾಯುವುದು. ಯಾರು ಯಾವ ಗುಂಪಿಗೆ ಎಂಬುದನ್ನು ನಾವು ಹೇಳುತ್ತಿರಲಿಲ್ಲ, ಎಲ್ಲೋ ದೂರದ ದೇಶದ ಕಂಪ್ಯೂಟರು ಹೇಳುತ್ತಿತ್ತು. ಮಾತ್ರೆ ತಿಂದವರಿಗೆ, ಕೀಮೋದಲ್ಲಿ ಉದುರಿದ ಕೂದಲು ಮತ್ತೆ ಹುಟ್ಟುವಾಗ ಬೆಳ್ಳಗೆ ಹುಟ್ಟುತ್ತಿತ್ತು. ಅವರನ್ನು ನಾನು ಅಜ್ಜಿಯರ ಸಂಘ ಎಂದು ರೇಗಿಸುತ್ತಿದ್ದೆ.

ಸಬೀನಾ ಮಾತ್ರೆ ಸಿಗದವರ ಗುಂಪಿನವಳು.

ನಾನು ಅವಳ ಉಣ್ಣೆಯ ಟೋಪಿ ತೆಗೆದೆ. ಬೆರಳುದ್ದ ಕೂದಲು, ಬುಡದಿಂದ ತುದಿಯವರೆಗೆ ಬಿಳಿ. ಎಷ್ಟು ದಿನದಿಂದ ಎಂದು ಕೇಳಿದೆ. ಅವಳು ತನ್ನ ತೋಳನ್ನೇ ನೋಡುತ್ತಿದ್ದಳು, ರಕ್ತ ಕೊಳವೆಗೆ ಇಳಿಯುವುದನ್ನು. ಆಮೇಲೆ ಮೆಲ್ಲಗೆ, “ಅಕ್ಕನ್ನ ಬಯ್ಬೇಡಿ ಸೆನ್ಯೊರಿತಾ,” ಅಂದಳು. ಕೆಲಸಕ್ಕೆ ಸೇರಿದ ದಿನದಿಂದ ನನ್ನನ್ನು ಎಲ್ಲರೂ ಮದುವೆಯಾಗದ ಹುಡುಗಿಯನ್ನು ಕರೆಯುವ ಹಾಗೆ ಸೆನ್ಯೊರಿತಾ ಎಂದೇ ಕರೆಯುವುದು, ಐವತ್ತೆರಡು ವರ್ಷವಾದರೂ.

ಅಷ್ಟು ಸಾಕಾಯಿತು, ಮಿಕ್ಕಿದ್ದು ನನಗೇ ಹೊಳೆಯಿತು. ಸಿಟ್ಟು ಬಂದರೆ ನನಗೆ ಕಿವಿ ಬಿಸಿಯಾಗುತ್ತದೆ. ಆ ದಿನ ಎರಡೂ ಕಿವಿ ಸುಡುತ್ತಿದ್ದವು.

ನನ್ನ ಬಗ್ಗೆ ಹೇಳಿಬಿಡುತ್ತೇನೆ. ನಾನು ನೋರ್ಕಾ, ಇಪ್ಪತ್ತೆಂಟು ವರ್ಷದಿಂದ ನರ್ಸು. ಕಡೆಯ ಆರು ವರ್ಷ ಈ ಪರೀಕ್ಷೆಗಳ ಕಡತ ನೋಡಿಕೊಳ್ಳುವ ಕೆಲಸ. ಮಾತ್ರೆಯ ಬಾಟಲಿ ಕೊಡುವುದು, ಖಾಲಿ ಬಾಟಲಿ ವಾಪಸ್ಸು ಪಡೆದು ಉಳಿದಿದ್ದನ್ನು ಎಣಿಸುವುದು, ಬರೆಯುವುದು. ಕಡತದಲ್ಲಿ ಒಂದು ತಾರೀಕು ತಪ್ಪಿದ್ದರೆ ಊಟ ಸೇರದ ಜಾತಿ ನನ್ನದು. ನಮ್ಮ ವಿಭಾಗದ ಡಾಕ್ಟರ್ ಪಲೊಮಿನೊ ನನ್ನನ್ನು ಬೆನ್ನ ಹಿಂದೆ ಪೊಲೀಸಿನವಳು ಅನ್ನುತ್ತಾರೆಂದು ಗೊತ್ತು. ಮಾತ್ರೆ ಸಿಕ್ಕವರಲ್ಲಿ ಒಬ್ಬಳಾದ ಎದೆಲ್ಮಿರಾ ತಂದುಕೊಡುತ್ತಿದ್ದ ಬಾಟಲಿಯ ಲೆಕ್ಕ ಒಂದು ತಿಂಗಳೂ ತಪ್ಪಿರಲಿಲ್ಲ. ಮೂವತ್ತು ಕೊಟ್ಟರೆ ಮೂವತ್ತನೆಯ ದಿನಕ್ಕೆ ಖಾಲಿ. ಬೇರೆಯವರಿಗೆ ನಾನು ಅವಳ ಉದಾಹರಣೆ ಕೊಡುತ್ತಿದ್ದೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಸಬೀನಾ ಅಕ್ಕ ಎಂದದ್ದು ಈ ಎದೆಲ್ಮಿರಾಳನ್ನು. ನಲವತ್ತೆಂಟರ ಹೆಂಗಸು, ವಾಂಕವೆಲಿಕಾ ಕಡೆಯ ಗುಡ್ಡದವಳು, ಸಂತೆಯಲ್ಲಿ ಗಿಣ್ಣು ಮಾರಿ ಗಂಟಲು ಪಳಗಿದ್ದವಳು. ಸಬೀನಾ ಅವಳಿಗಿಂತ ಇನ್ನೂ ಮೇಲಿನ ಊರಿನವಳು, ಅಲ್ಪಾಕ ಎಂಬ ಉಣ್ಣೆಯ ಪ್ರಾಣಿ ಕಾಯುವವರ ಮನೆ. ಊರಿನಲ್ಲಿ ತಾಯಿಯ ಬಳಿ ನಾಲ್ಕು ವರ್ಷದ ಮಗಳಿದ್ದಳು. ಇಬ್ಬರಿಗೂ ಒಂದೇ ತಿಂಗಳಲ್ಲಿ ರೋಗ ಗೊತ್ತಾಗಿತ್ತು, ಪಕ್ಕಪಕ್ಕದ ಹಾಸಿಗೆಯಲ್ಲಿ ಕೀಮೋ ಆಗಿತ್ತು, ಈಗ ಆಸ್ಪತ್ರೆಯ ಹಿಂದಿನ ರಸ್ತೆಯಲ್ಲಿ ಚರ್ಚಿನವರು ನಡೆಸುವ ತಂಗುಮನೆಯಲ್ಲಿ ಒಂದೇ ಕೋಣೆ. ಊರಿಗೆ ಬಸ್ಸಿನಲ್ಲಿ ಹದಿನಾಲ್ಕು ಗಂಟೆಯಾಗುವವರು ಜ್ವರ ಬಂದರೆ ಓಡಿಬರಲಿಕ್ಕಾಗುವುದಿಲ್ಲ, ಅದಕ್ಕೆ ಮೊದಲ ವರ್ಷ ಇಲ್ಲೇ ಇರಿ ಎನ್ನುತ್ತೇವೆ.

ಆ ತಂಗುಮನೆಗೆ ಅಡುಗೆಯವರಿಲ್ಲ. ಇದ್ದವರೇ ಒಂದು ದೊಡ್ಡ ಮಡಕೆ ಇಟ್ಟು ಬೇಯಿಸಿಕೊಳ್ಳುತ್ತಾರೆ. ಯಾರ ಊರಿನಿಂದ ಗಂಟು ಬಂದರೂ ಅದನ್ನು ಕೋಣೆಯಲ್ಲಿ ಬಿಚ್ಚುವ ಹಾಗಿಲ್ಲ, ಅಡುಗೆಮನೆಯ ಮೇಜಿನ ಮೇಲೇ ಬಿಚ್ಚಬೇಕು. ಗಿಣ್ಣೋ, ಒಣಗಿಸಿದ ಆಲೂಗಡ್ಡೆಯೋ, ಹುರಿದ ಜೋಳವೋ, ಬಂದದ್ದೆಲ್ಲ ಮಡಕೆಗೆ, ಮಡಕೆಯಿಂದ ತಟ್ಟೆಗೆ. ಹಿಂದೊಮ್ಮೆ ಒಬ್ಬಳು ಮಂಚದ ಕೆಳಗೆ ಗಿಣ್ಣು ಬಚ್ಚಿಟ್ಟಿದ್ದಳಂತೆ. ಎದೆಲ್ಮಿರಾ ಊಟದ ಹೊತ್ತಿಗೆ ಅವಳ ಮುಂದೆ ಖಾಲಿ ತಟ್ಟೆಯಿಟ್ಟು, ಮಹಾರಾಣಿಗೆ ನಮ್ಮ ಸಾರು ಸೇರಲ್ಲ, ಅವಳ ಅರಮನೆಯಿಂದ ಬರುತ್ತೆ ಅಂದಳಂತೆ. ಆಮೇಲೆ ಯಾರೂ ಏನನ್ನೂ ಬಚ್ಚಿಡಲಿಲ್ಲ.

ರಕ್ತದ ಕೊಳವೆಗಳ ಮೇಲೆ ಹೆಸರು ಬರೆದೆ. ಕಡತದಲ್ಲಿ ಕೂದಲಿನ ಬಣ್ಣ ಬರೆಯುವ ಜಾಗವೊಂದಿತ್ತು. ಪೆನ್ನು ಅಲ್ಲಿಗೆ ಬಂದು ನಿಂತಿತು. ಬರೆಯದೆ ಕಡತ ಮುಚ್ಚಿ, ಕೋಣೆಗೆ ಬೀಗ ಹಾಕಿ, ಸಬೀನಾಳ ಹಿಂದೆಯೇ ತಂಗುಮನೆಗೆ ಹೋದೆ.

ಎದೆಲ್ಮಿರಾ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದಳು. ನನ್ನ ಮುಖ ನೋಡಿದಳು, ಹಿಂದೆ ಬಂದ ಸಬೀನಾಳ ಮಸಿ ಅಳಿಸಿದ ಹುಬ್ಬು ನೋಡಿದಳು, ಚಾಕು ಕೆಳಗಿಟ್ಟಳು. ಕೂತ್ಕೊಳ್ಳಿ ಅಂದಳು. ನಾನು ಕೂರಲಿಲ್ಲ. ಎಷ್ಟು ತಿಂಗಳಿಂದ ಎಂದು ಕೇಳಿದ್ದಕ್ಕೆ, ಮೊದಲನೇ ಬಾಟಲಿಯಿಂದಲೇ ಎಂದಳು. ಅಂದರೆ ನಾಲ್ಕು ತಿಂಗಳು. ಬೆಳಿಗ್ಗೆ ಗಂಜಿ ಕುಡಿದ ಮೇಲೆ ಇದೇ ಚಾಕುವಿನಲ್ಲಿ, ಇದೇ ಹಲಗೆಯ ಮೇಲೆ, ಎರಡು ಹೋಳು. ಪುಡಿ ಉದುರಿದರೆ ಅದನ್ನು ಬೆರಳಿಗೆ ಅಂಟಿಸಿಕೊಂಡು ಸಬೀನಾಳ ಬಾಯಿಗೆ.

ನನ್ನಿಂದ ಮುಚ್ಚಿಟ್ಟಿರಿ, ನನ್ನನ್ನು ದಡ್ಡಿ ಮಾಡಿದಿರಿ ಎಂದು ಏನೇನೋ ಕೂಗಾಡಿದೆ.

“ಮುಚ್ಚಿಡ್ಲಿಲ್ಲ. ನೀವು ಕೇಳಿದ್ರೆ ಹೇಳ್ತಿದ್ದೆ,” ಅಂದಳು ಎದೆಲ್ಮಿರಾ.

“ಇದ್ದಿಲು ಬಳಿದದ್ದು ಯಾರು ಹಾಗಾದ್ರೆ?”

“ಅದು ಇವಳ ಬುದ್ಧಿ. ನನಗೆಲ್ಲಿ ಬರ್ಬೇಕು ಅಷ್ಟೊಂದು.”

ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಯಾಕೆ ಹೀಗೆ ಮಾಡಿದಿರಿ ಎಂದೆ. ಅವಳು ಕೈಯನ್ನು ಲಂಗಕ್ಕೆ ಒರೆಸಿಕೊಂಡು, ಸಂತೆಯಲ್ಲಿ ಗಿರಾಕಿಗೆ ಬಿಡಿಸಿ ಹೇಳುವ ಹಾಗೆ ಹೇಳಿದಳು.

“ಈ ಮಾತ್ರೆ ಒಳ್ಳೇದೋ ಕೆಟ್ಟದೋ ನಮಗೂ ಗೊತ್ತಿಲ್ಲ, ಅದಕ್ಕೇ ಅರ್ಧ ಜನಕ್ಕೆ ಕೊಟ್ಟು ಅರ್ಧ ಜನಕ್ಕೆ ಕೊಡ್ದೆ ನೋಡ್ತೀವಿ ಅಂತ ಹೇಳಿದ್ದು ನೀವೇ ಅಲ್ವಾ? ನಮ್ಮೂರಲ್ಲಿ ಗುಡ್ಡದಿಂದ ಗುರುತಿಲ್ಲದ ಗೆಡ್ಡೆ ಕಿತ್ತು ತಂದ್ರೆ ಒಬ್ಬರೇ ತಿನ್ನೋ ಹಾಗಿಲ್ಲ. ಮನೆಯೋರೆಲ್ಲ ಒಂದೊಂದು ತುತ್ತು ತಿಂತೀವಿ. ಒಳ್ಳೇದಾದ್ರೆ ಎಲ್ರಿಗೂ ಆಯ್ತು. ವಿಷ ಆದ್ರೆ ಎಲ್ರಿಗೂ ಒಂಚೂರು ಹೊಟ್ಟೆನೋವು, ಒಬ್ಬರ ಪ್ರಾಣ ಹೋಗಲ್ಲ. ಇಷ್ಟು ದಿನ ಇವಳ ಜೊತೆ ಒಂದೇ ಮಡಕೇಲಿ ಉಂಡಿದೀನಿ. ಇವಳ ಎದುರಿಗೇ ಕೂತು ಇದೊಂದನ್ನ ನಾನೊಬ್ಬಳೇ ಹೇಗೆ ನುಂಗ್ಲಿ?”

ನನಗೆ ಆ ದಿನ ನೆನಪಾಯಿತು. ಇಬ್ಬರೂ ಒಂದೇ ಬೆಳಿಗ್ಗೆ ಸಹಿ ಹಾಕಿದ್ದರು. ಕಂಪ್ಯೂಟರು ಎದೆಲ್ಮಿರಾಗೆ ಮಾತ್ರೆ ಕೊಟ್ಟಿತು, ಸಬೀನಾಗೆ ಕೊಡಲಿಲ್ಲ. ಸಬೀನಾಳ ಮುಖ ಸಪ್ಪಗಾದದ್ದನ್ನು ನೋಡಿ ನಾನೇ ಅವಳ ಬೆನ್ನು ಸವರಿ ಹೇಳಿದ್ದೆ, ನೀನೇನೂ ಕಳೆದುಕೊಂಡಿಲ್ಲ, ಅದು ಒಳ್ಳೆಯದೆಂದು ಯಾರಿಗೂ ಗೊತ್ತಿಲ್ಲ ಎಂದು. ಸುಳ್ಳಲ್ಲ, ನಿಜವೇ. ಎದೆಲ್ಮಿರಾ ಪಕ್ಕದಲ್ಲಿ ಕೂತು ಅದನ್ನು ಕಿವಿಗೊಟ್ಟು ಕೇಳಿದ್ದಳು.

ಈಗ ನಾನು ಹೇಳಬೇಕಾದ್ದನ್ನು ಹೇಳಿದೆ. ಅರ್ಧ ಮಾತ್ರೆ ಎಂದರೆ ಅರ್ಧ ಔಷಧಿಯಲ್ಲ. ಮೈಯೊಳಗೆ ರೋಗ ಇನ್ನೂ ಚೂರು ಉಳಿದಿದ್ದರೆ, ಅರ್ಧ ಮಾತ್ರೆ ಅದನ್ನು ಸಾಯಿಸುವುದಿಲ್ಲ, ಔಷಧಿಯ ಪರಿಚಯ ಮಾಡಿಸಿಕೊಡುತ್ತದೆ. ಆಮೇಲೆ ಪೂರ್ತಿ ಕೊಟ್ಟರೂ ಅದು ಬಗ್ಗದೆ ಹೋಗಬಹುದು. ನೀವಿಬ್ಬರೂ ಸೇರಿ ಇಬ್ಬರನ್ನೂ ಕೊಲ್ಲುತ್ತಿದ್ದೀರಿ ಎಂದೆ. ಅಷ್ಟು ಕಟುವಾಗಿ ಹೇಳಬಾರದಿತ್ತು, ಆದರೆ ಹೇಳಿದೆ.

ಎದೆಲ್ಮಿರಾಳ ಮುಖ ಬಿಳಿಚಿತು. ಮಾತನಾಡಿದ್ದು ಸಬೀನಾ.

“ಇದನ್ನ ಅವತ್ತೇ ಹೇಳ್ಬೇಕಿತ್ತು ಸೆನ್ಯೊರಿತಾ.”

ಹೇಳಿರಲಿಲ್ಲ. ಮಾತ್ರೆಯನ್ನು ಬೇರೆಯವರಿಗೆ ಕೊಡಬಾರದು ಎಂಬ ಸಾಲು ಒಪ್ಪಿಗೆ ಪತ್ರದ ಹದಿನೇಳನೆಯ ಪುಟದಲ್ಲಿತ್ತು. ಇಪ್ಪತ್ತೆರಡು ಪುಟ ಓದಿ ಹೇಳುವಷ್ಟರಲ್ಲಿ ನನ್ನ ಗಂಟಲು ಒಣಗುತ್ತದೆ, ಆ ಪುಟಗಳನ್ನು ಓಡಿಸುತ್ತೇನೆ. ಅದೂ ಸ್ಪ್ಯಾನಿಷಿನಲ್ಲಿ. ನನ್ನ ತಾಯಿ ಗುಡ್ಡದ ಕಡೆಯ ಅಯಾಕುಚೊದವಳು, ಅಲ್ಲಿಯ ಭಾಷೆ ಕೆಚುವಾ ನನಗೆ ಚೆನ್ನಾಗಿ ಬರುತ್ತದೆ, ಆದರೂ ಆಸ್ಪತ್ರೆಯಲ್ಲಿ ಆಡುವುದಿಲ್ಲ. ಆಡಿದರೆ ನನ್ನನ್ನೂ ಗುಡ್ಡದವಳು ಎಂದುಕೊಳ್ಳುತ್ತಾರೆಂಬ ಅಂಜಿಕೆ ಹುಡುಗಿಯಾಗಿದ್ದಾಗಿನಿಂದ ಹೋಗಿಲ್ಲ. ಅವರಿಬ್ಬರ ಭಾಷೆಯಲ್ಲಿ ಒಂದೇ ಒಂದು ಮಾತು, ಇದನ್ನು ಹಂಚಬೇಡಿ, ಹಂಚಿದರೆ ಕೆಡುತ್ತದೆ ಎಂದಿದ್ದರೆ ಸಾಕಿತ್ತು.

ಆಸ್ಪತ್ರೆಗೆ ವಾಪಸ್ಸು ಬಂದು ಕಡತ ತೆರೆದು ಕೂತೆ. ಬೇರೆ ಯಾರೂ ನೋಡಿಲ್ಲ. ಕಪ್ಪು ಎಂದು ಬರೆದು, ಇವತ್ತಿನಿಂದ ಎದೆಲ್ಮಿರಾ ಪೂರ್ತಿ ಮಾತ್ರೆ ತಿನ್ನುವಂತೆ ನೋಡಿಕೊಂಡರೆ ಯಾರಿಗೂ ಗೊತ್ತಾಗುವುದಿಲ್ಲ. ಬರೆದುಕೊಟ್ಟರೆ ಇಬ್ಬರನ್ನೂ ಪರೀಕ್ಷೆಯಿಂದ ಹೊರಗೆ ಹಾಕಬಹುದು. ಮಾತ್ರೆ ಅಂಗಡಿಯಲ್ಲಿ ಸಿಗುವಂಥದ್ದಲ್ಲ, ಹೊರಗೆ ಹಾಕಿದರೆ ಎದೆಲ್ಮಿರಾಗೆ ಮತ್ತೆ ಅದರ ಮುಖ ನೋಡುವ ದಾರಿಯಿಲ್ಲ. ಆದರೆ ಸುಳ್ಳು ಬರೆದರೆ, ಮಾತ್ರೆ ತಿನ್ನದವಳಿಗೆ ಹೀಗಾಯಿತು, ಪೂರ್ತಿ ತಿಂದವಳಿಗೆ ಹಾಗಾಯಿತು ಎಂದು ಇವರಿಬ್ಬರ ಹೆಸರಿನಲ್ಲಿ ಸುಳ್ಳು ಲೆಕ್ಕ ಹೋಗುತ್ತದೆ. ಅದನ್ನು ನಂಬಿ ನಾಳೆ ಯಾವುದೋ ಊರಿನ ಡಾಕ್ಟರು ಯಾರಿಗೋ ಮಾತ್ರೆ ಕೊಡುತ್ತಾನೆ, ಇಲ್ಲವೇ ಕೊಡದಿರುತ್ತಾನೆ. ಆ ಯಾರೋ ಒಬ್ಬರ ಮುಖ ನನಗೆ ಕಾಣುತ್ತಿರಲಿಲ್ಲ. ಎದೆಲ್ಮಿರಾಳ ಮುಖ ಮಾತ್ರ ಕಾಣುತ್ತಿತ್ತು. ಆ ಮಧ್ಯಾಹ್ನದಷ್ಟು ನನ್ನ ಕೆಲಸವನ್ನು ನಾನು ಯಾವತ್ತೂ ದ್ವೇಷಿಸಿಲ್ಲ.

ಮರುದಿನ ಬೆಳಿಗ್ಗೆ ಡಾಕ್ಟರ್ ಪಲೊಮಿನೊಗೆ ಎಲ್ಲವನ್ನೂ ಹೇಳಿದೆ, ನನ್ನ ಹದಿನೇಳನೆಯ ಪುಟದ ಸಮೇತ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಬಹಳ ಹೊತ್ತು ಕಣ್ಣು ಉಜ್ಜಿಕೊಂಡರು. ಬಯ್ಯಲಿಲ್ಲ. ಬಯ್ದಿದ್ದರೆ ಒಳ್ಳೆಯದಿತ್ತು.

ಮಾತ್ರೆ ತಯಾರಿಸುವ ಕಂಪನಿಗೆ ಪತ್ರ ಹೋಯಿತು. ಉತ್ತರ ಬರುವವರೆಗೆ ಮಾತ್ರೆ ನಿಲ್ಲಿಸಿದೆವು. ಇಬ್ಬರ ಮೂಳೆಯೊಳಗಿನ ಮಜ್ಜೆ ತೆಗೆದು ನೋಡಿದೆವು, ಇಬ್ಬರದೂ ಚೊಕ್ಕವಾಗಿತ್ತು. ಹನ್ನೊಂದನೆಯ ದಿನ ಉತ್ತರ ಬಂತು. ಎದೆಲ್ಮಿರಾ ಮುಂದುವರಿಯಬಹುದು, ಆದರೆ ಬಾಟಲಿ ಅವಳ ಕೈಗೆ ಕೊಡಬಾರದು. ದಿನಾ ಬೆಳಿಗ್ಗೆ ಆಸ್ಪತ್ರೆಗೆ ಬಂದು ನಮ್ಮೆದುರು ನುಂಗಬೇಕು, ಬಾಯಿ ತೆರೆಸಿ ನೋಡಬೇಕು, ನೋಡಿದವರು ಸಾಕ್ಷಿಯ ಜಾಗದಲ್ಲಿ ಸಹಿ ಹಾಕಬೇಕು. ಮೊದಲ ವಾರದಲ್ಲೇ ಮೂರು ದಿನ ತಪ್ಪಿದರೆ ಅವಳೂ ಹೊರಗೆ. ಸಬೀನಾಳ ಹೆಸರನ್ನು ಪರೀಕ್ಷೆಯಿಂದ ತೆಗೆಯಲಾಗಿದೆ. ಅವಳಿಗೆ ಮಾತ್ರೆ ಕೊಡಲು ಸಾಧ್ಯವಿಲ್ಲ. ಎಂದಿನ ಆರೈಕೆ ಮುಂದುವರಿಸಿ.

ಇದನ್ನು ಇಬ್ಬರನ್ನೂ ಕೂರಿಸಿಕೊಂಡು ಹೇಳಿದೆ. ಈ ಸಲ ಕೆಚುವಾದಲ್ಲಿ. ಎದೆಲ್ಮಿರಾ ನನ್ನ ಬಾಯಿಂದ ಆ ಭಾಷೆ ಕೇಳಿ ಒಂದು ಗಳಿಗೆ ಬೆಪ್ಪಾದಳು, ಆಮೇಲೆ ತಲೆ ತಗ್ಗಿಸಿ ಕೇಳಿದಳು. ಕೊನೆಗೆ ತನ್ನದನ್ನು ಪೂರ್ತಿ ಸಬೀನಾಗೇ ಕೊಡಿ ಅಂದಳು. ಅವಳಿಗೆ ಮಗುವಿದೆ, ನನ್ನ ಮಕ್ಕಳು ದೊಡ್ಡವರಾಗಿದ್ದಾರೆ, ಹೊಲ ಉಳುತ್ತಾರೆ, ನಾನಿಲ್ಲದಿದ್ದರೆ ಯಾರಿಗೂ ಏನೂ ನಿಲ್ಲುವುದಿಲ್ಲ ಅಂದಳು. ಹಾಗೆ ಮಾಡಲಾಗುವುದಿಲ್ಲ ಎಂದೆ. ಯಾಕಾಗಲ್ಲ ಎಂದಳು. ನಾಳೆ ಏಳೂವರೆಗೆ ಬರಬೇಕು ಎಂದಷ್ಟೇ ಹೇಳಿದೆ.

ಮೊದಲ ದಿನ ಏಳೂವರೆಗೆ ಬಂದಳು. ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು ಕೂತಳು. ನೀರಿನ ಲೋಟ ಮುಂದಿಟ್ಟೆ. ಒಂಬತ್ತು ಗಂಟೆಯಾಯಿತು, ಮಾತ್ರೆ ಅವಳ ಬೆವರಿಗೆ ಬಣ್ಣ ಬಿಟ್ಟಿತು. ವಾಪಸ್ಸು ಕೊಟ್ಟು ಎದ್ದುಹೋದಳು. ಎರಡನೆಯ ದಿನ ಬಾಯಿಗೆ ಹಾಕಿಕೊಂಡಳು, ನಾಲಿಗೆಯ ಮೇಲೆ ಇಟ್ಟುಕೊಂಡೇ ಇದ್ದಳು, ಕಣ್ಣಲ್ಲಿ ನೀರು ಬಂತು, ಕೊನೆಗೆ ಕಾಗದದ ಮೇಲೆ ಉಗುಳಿದಳು. ಹಟವೆಂದು ಬಯ್ದೆ. ಹಟವಲ್ಲ, ಗಂಟಲು ಇಳಿಸುವುದಿಲ್ಲ ಎಂದಳು. ನನಗೆ ನಂಬಿಕೆಯಾಯಿತು. ಮೇಲೆ ಕೂತವರಿಗೆ ಅದನ್ನು ಹೇಗೆ ಬರೆಯಲಿ? ಎರಡು ದಿನ ತಪ್ಪಿತ್ತು. ಮೂರನೆಯದೂ ತಪ್ಪಿದರೆ ನಾನು ಬರೆಯಬೇಕಾದ ಸಾಲು ಮನಸ್ಸಿನಲ್ಲಿ ಆಗಲೇ ಸಿದ್ಧವಾಗಿತ್ತು.

ಮೂರನೆಯ ದಿನ ಅವಳ ಜೊತೆ ಸಬೀನಾ ಬಂದಳು. ಈಗ ಇದ್ದಿಲು ಬಳಿದಿರಲಿಲ್ಲ. ಬಿಳಿಯ ಹುಬ್ಬಿನ ಎಳೆ ಮುಖ. ಕುರ್ಚಿ ಎಳೆದು ಎದೆಲ್ಮಿರಾಳ ಎದುರು, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತಳು. ನನ್ನ ಕೈಯಿಂದ ಮಾತ್ರೆ ತೆಗೆದುಕೊಂಡು ತಾನೇ ಅವಳ ಅಂಗೈಯಲ್ಲಿಟ್ಟಳು. ಆ ಹುಡುಗಿ ಅಷ್ಟು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

“ನುಂಗು ಅಕ್ಕ. ನಾಲ್ಕು ತಿಂಗಳು ನಿನ್ನ ಪಾಲಲ್ಲಿ ಅರ್ಧ ನಾನು ತಿಂದಿದೀನಿ. ನೀನು ಈಗ ಬಿಟ್ಟು ನಿನಗೇನಾದ್ರೂ ಆದ್ರೆ ಅದು ನನ್ನ ತಲೆ ಮೇಲೆ. ನನ್ನ ಮೇಲೆ ಅದನ್ನ ಹೊರಿಸ್ಬೇಡ.”

“ಅಮ್ಮಣ್ಣಿ, ನೀನು ಎದುರಿಗೆ ಕೂತ್ರೆ ಇನ್ನೂ ಆಗಲ್ಲ,” ಅಂದಳು ಎದೆಲ್ಮಿರಾ.

“ಎದುರಿಗೇ ಕೂರ್ತೀನಿ. ನಾನು ಕೊಟ್ಟಿದ್ದು ಅಂದ್ಕೊ. ಬಾಯಿ ತೆಗಿ.”

ಎದೆಲ್ಮಿರಾ ನುಂಗಿದಳು. ಸಬೀನಾ ಅವಳ ಗಲ್ಲ ಹಿಡಿದು ಬಾಯಿ ತೆರೆಸಿ, ನಾಲಿಗೆ ಎತ್ತಿಸಿ, ಎರಡೂ ದವಡೆ ನೋಡಿ ನನ್ನತ್ತ ತಿರುಗಿ ತಲೆಯಾಡಿಸಿದಳು. ನಾನು ಪೆನ್ನನ್ನು ಅವಳ ಕೈಗೆ ಕೊಟ್ಟೆ. ಸಾಕ್ಷಿ ಯಾರಾಗಬೇಕೆಂದು ಪತ್ರದಲ್ಲಿ ಬರೆದಿರಲಿಲ್ಲ. ನೋಡಿದವರು ಎಂದಷ್ಟೇ ಇತ್ತು. ಅವಳು ಮೂರನೆಯ ತರಗತಿಯ ಅಕ್ಷರದಲ್ಲಿ, ಉಸಿರು ಬಿಗಿಹಿಡಿದು ತನ್ನ ಪೂರ್ತಿ ಹೆಸರು ಬರೆದಳು. ಕೆಳಗೆ ನನ್ನದೂ ಹಾಕಿದೆ.

ಅಂದಿನಿಂದ ದಿನಾ ಏಳೂವರೆಗೆ ಇಬ್ಬರೂ ಬರುತ್ತಿದ್ದರು. ಸಬೀನಾ ಇನ್ನು ಊರಿಗೆ ಹೋಗಬಹುದು, ತಿಂಗಳಿಗೊಮ್ಮೆ ಬಂದರೆ ಸಾಕು ಎಂದು ಡಾಕ್ಟರು ಹೇಳಿದರು. ಹದಿನಾಲ್ಕು ಗಂಟೆಯ ದಾರಿಯ ಭಯ ಅವರಿಗೂ ಇತ್ತು, ಆದರೆ ಮಗಳನ್ನು ನೋಡದೆ ಅವಳು ಕೊರಗುತ್ತಿದ್ದುದು ಎಲ್ಲರಿಗೂ ಕಾಣುತ್ತಿತ್ತು. ನಾನೂ ಒತ್ತಾಯ ಮಾಡಿದೆ. ಎದೆಲ್ಮಿರಾ ಅವಳ ಬಟ್ಟೆಯನ್ನು ಗಂಟು ಕಟ್ಟಿಯೂ ಇಟ್ಟಳು. ಸಬೀನಾ ಗಂಟು ಬಿಚ್ಚಿ ಮತ್ತೆ ಗೂಟಕ್ಕೆ ನೇತುಹಾಕಿದಳು. ನಾನು ಬಸ್ಸು ಹತ್ತಿದ ದಿನವೇ ಇವಳು ಮಾತ್ರೆ ಉಗೀತಾಳೆ, ಒಂದು ವರ್ಷ ಮುಗಿಯಲಿ, ಇಬ್ಬರೂ ಒಟ್ಟಿಗೆ ಹೋಗ್ತೀವಿ ಅಂದಳು. ವಾರಕ್ಕೊಮ್ಮೆ ಫೋನಿನಲ್ಲಿ ಮಗಳೊಂದಿಗೆ ಮಾತಾಡುವಳು. ಆ ಮಗು ಫೋನಿಗೆ ಏನೂ ಹೇಳದೆ ಬರೀ ಉಸಿರಾಡುತ್ತಿತ್ತಂತೆ. ಸಬೀನಾ ಅದನ್ನೇ ಕಿವಿಗೆ ಒತ್ತಿಕೊಂಡು ಕೂರುತ್ತಿದ್ದಳು.

ಮಾರ್ಚ್, ಏಪ್ರಿಲ್, ಮೇ. ಎದೆಲ್ಮಿರಾಳ ತಲೆ ಹತ್ತಿಯ ಹೊಲವಾಯಿತು. ಮಾತ್ರೆ ನಿಂತ ಸಬೀನಾಳ ಕೂದಲು ಬುಡದಲ್ಲಿ ಕಪ್ಪಾಗುತ್ತ ಬಂತು. ಎದೆಲ್ಮಿರಾ ಅದನ್ನು ಬೆರಳಲ್ಲಿ ಬಿಡಿಸಿ ಬಿಡಿಸಿ ನೋಡಿ, ನೀನು ಹುಡುಗಿಯಾಗ್ತಾ ಇದೀಯ, ನಾನು ಮುದುಕಿಯಾಗ್ತಾ ಇದೀನಿ, ಹೀಗೇ ಹೋದ್ರೆ ನನ್ನನ್ನ ನಿನ್ನ ಅಜ್ಜಿ ಅಂತಾರೆ ಎನ್ನುವಳು. ಅವರು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಆ ಕಪ್ಪು ಕೂದಲನ್ನು ನೋಡಿದಾಗಲೆಲ್ಲ ಹೋಗಿ ಅವಳ ಹಿಂದಿನ ರಕ್ತಪರೀಕ್ಷೆಯ ಕಾಗದವನ್ನು ಮತ್ತೊಮ್ಮೆ ಓದುತ್ತಿದ್ದೆ.

ಜೂನ್ ಹತ್ತನೆಯ ತಾರೀಕು ಸಬೀನಾಗೆ ಜ್ವರ ಬಂತು. ರಕ್ತದಲ್ಲಿ ಕೆಟ್ಟ ಕಣಗಳು ಕಂಡವು. ಮಜ್ಜೆಯಲ್ಲಿ ಅರ್ಧಕ್ಕರ್ಧ ಅವೇ ತುಂಬಿದ್ದವು.

ಡಾಕ್ಟರ್ ಪಲೊಮಿನೊ ಕಂಪನಿಗೆ ಮೂರು ಪತ್ರ ಬರೆದರು, ಪರೀಕ್ಷೆಯ ಹೊರಗಾದರೂ ಅವಳಿಗೊಂದು ಬಾಟಲಿ ಕೊಡಿ ಎಂದು. ಪರೀಕ್ಷೆ ಮುಗಿಯುವ ಮುನ್ನ ಹೊರಗಿನವರಿಗೆ ಕೊಡುವ ಪದ್ಧತಿಯಿಲ್ಲ ಎಂದು ಬಹಳ ಮರ್ಯಾದೆಯಿಂದ ಉತ್ತರ ಬಂತು. ನಾನು ಡಾಕ್ಟರನ್ನು ಕೇಳಿದೆ: ಮೊದಲಿಂದಲೇ ಪೂರ್ತಿ ಮಾತ್ರೆ ಸಿಕ್ಕಿದ್ದರೆ ಇವಳು ಉಳಿಯುತ್ತಿದ್ದಳೇ? ಇಲ್ಲ, ಆ ಅರ್ಧ ಮಾತ್ರೆಯೇ ಇವಳನ್ನು ಕೆಡಿಸಿತೇ? ಏನೂ ತಿನ್ನದಿದ್ದರೆ ಇನ್ನಷ್ಟು ದಿನ ಇರುತ್ತಿದ್ದಳೇ? ಗೊತ್ತಿಲ್ಲ ನೋರ್ಕಾ, ಯಾರಿಗೂ ಗೊತ್ತಿಲ್ಲ ಎಂದರು. ಆ ಮಾತು ಕೇಳಿ ನನಗೆ ಅವರ ಮೇಜನ್ನು ಎತ್ತಿ ಬಿಸಾಕಬೇಕೆನ್ನಿಸಿತು. ಅದೇ ಮಾತನ್ನು ಎಷ್ಟು ಜನರಿಗೆ ನಾನು ಬೆನ್ನು ಸವರಿ ಹೇಳಿದ್ದೇನೆ!

ಮತ್ತೆ ಕೀಮೋ ಕೊಟ್ಟೆವು. ರೋಗ ಜಗ್ಗಲಿಲ್ಲ. ಸಬೀನಾಳ ತಾಯಿ ಮಗುವನ್ನು ಕರೆದುಕೊಂಡು ಬಂದಳು. ಸಬೀನಾಳ ಕೋಣೆಗೆ ಮಕ್ಕಳನ್ನು ಬಿಡುವ ಹಾಗಿರಲಿಲ್ಲ. ನಾನು ಮಗುವಿನ ಬಾಯಿಗೆ ಬಟ್ಟೆ ಕಟ್ಟಿ, ಕೈತೊಳೆಸಿ ಒಳಗೆ ಕರೆದೊಯ್ದೆ. ಯಾರಾದರೂ ಕೇಳಲಿ ನೋಡೋಣ ಎಂದುಕೊಂಡೆ, ಯಾರೂ ಕೇಳಲಿಲ್ಲ. ಮಗು ಮಂಚ ಹತ್ತಿ ತಾಯಿಯ ಪಕ್ಕ ಮಲಗಿ, ಫೋನಿನಲ್ಲಿ ಮಾಡುತ್ತಿದ್ದ ಹಾಗೆ ಸುಮ್ಮನೆ ಉಸಿರಾಡಿತು.

ಈ ದಿನಗಳಲ್ಲಿ ಎದೆಲ್ಮಿರಾಗೆ ನಾನು ಮಾತ್ರೆ ಕೊಡುತ್ತಿದ್ದದ್ದು ಸಬೀನಾಳ ಮಂಚದ ಪಕ್ಕದಲ್ಲಿ. ಸಬೀನಾ ತಾನೇ ಹಾಗೆ ಹೇಳಿ ಕಳಿಸಿದ್ದಳು. ಏಳೂವರೆಗೆ ಎದೆಲ್ಮಿರಾ ಬಾಯಿಗೆ ಬಟ್ಟೆ ಕಟ್ಟಿಕೊಂಡು ಬಂದು ಮಂಚದ ಬಳಿ ನಿಲ್ಲುವಳು, ಬಟ್ಟೆ ಸರಿಸಿ ನುಂಗುವಳು, ಬಾಯಿ ತೆರೆಯುವಳು. ಸಬೀನಾ ದಿಂಬಿನಿಂದ ತಲೆಯೆತ್ತಿ ನೋಡುವಳು. ನಾಲಿಗೆ ಎತ್ತು ಎನ್ನುವಳು. ಆಮೇಲೆ ಸಹಿ. ಜುಲೈ ಕೊನೆಯಲ್ಲಿ ಕೈಗೆ ಪೆನ್ನು ನಿಲ್ಲದಾಯಿತು, ಹೆಬ್ಬೆರಳು ಒತ್ತಿಸಿಕೊಂಡೆ. ಆಗಸ್ಟ್ ಮೊದಲ ವಾರ ಕಣ್ಣೂ ಸರಿಯಾಗಿ ಕಾಣುತ್ತಿರಲಿಲ್ಲ. ಎದೆಲ್ಮಿರಾ ಮಂಚದ ಬಳಿ ಮಂಡಿಯೂರಿ, ಸಬೀನಾಳ ಬೆರಳನ್ನು ತನ್ನ ಗಂಟಲ ಮೇಲೆ ಇಟ್ಟುಕೊಂಡು ನುಂಗಿದಳು, ಇಳಿದದ್ದು ಗೊತ್ತಾಗಲಿ ಎಂದು.

ಸಬೀನಾ ತೀರಿಕೊಂಡದ್ದು ಒಂದು ಮಂಗಳವಾರ ಮಧ್ಯಾಹ್ನ, ಊಟದ ಗಾಡಿ ಬರುವ ಹೊತ್ತಿಗೆ. ತಾಯಿ, ಮಗು, ಎದೆಲ್ಮಿರಾ ಮೂವರೂ ಇದ್ದರು. ಎದೆಲ್ಮಿರಾ ಮಗುವನ್ನು ಮಡಿಲಿಗೆ ಎಳೆದುಕೊಂಡಳು. ನಾನು ಅತ್ತೆ. ಔಷಧಿಯ ಕೋಣೆಗೆ ಹೋಗಿ, ಬೀಗ ಹಾಕಿಕೊಂಡು, ಬಾಟಲಿಗಳ ಮುಂದೆ ನಿಂತು ಅತ್ತೆ.

ಬುಧವಾರ ಬೆಳಿಗ್ಗೆ ಆರೂವರೆಗೇ ಬಂದು ಕೂತೆ. ಎದೆಲ್ಮಿರಾ ಬರುವುದಿಲ್ಲವೆಂದು ನನಗೆ ಖಾತ್ರಿಯಿತ್ತು. ದೇಹವನ್ನು ಊರಿಗೆ ಒಯ್ಯುವ ಗಾಡಿ ಎಂಟು ಗಂಟೆಗೆ ಹೊರಡುವುದಿತ್ತು, ಅವಳೂ ಅದರ ಜೊತೆ ಹೋಗಿಬಿಡುತ್ತಾಳೆ, ಹೋದವಳು ತಿರುಗಿ ಬರುವುದಿಲ್ಲ ಎಂದುಕೊಂಡೆ. ಹೋಗಲಿ, ನಾನು ತಡೆಯುವುದಿಲ್ಲ ಎಂದೂ ಅಂದುಕೊಂಡೆ. ಇಷ್ಟಾದ ಮೇಲೆ ಒಂದು ಮಾತ್ರೆ ತಪ್ಪಿತೆಂದು ಬರೆಯುವ ಧೈರ್ಯ ನನಗೂ ಉಳಿದಿರಲಿಲ್ಲ.

ಏಳೂವರೆಗೆ ಬಾಗಿಲಲ್ಲಿ ಅವಳು ನಿಂತಿದ್ದಳು. ಕರಿಯ ಶಾಲು ಹೊದ್ದಿದ್ದಳು, ಶಾಲಿನೊಳಗಿಂದ ಬಿಳಿಯ ಕೂದಲು ಕಾಣುತ್ತಿತ್ತು. ಗಾಡಿ ಕೆಳಗೆ ನಿಂತಿದೆ, ಕಾಯುತ್ತಾರೆ, ಮಣ್ಣು ಮಾಡಿ ಶನಿವಾರ ಬರ್ತೀನಿ, ಮೂರು ದಿನದ್ದು ಕೈಗೆ ಕೊಡೋ ಹಾಗಿಲ್ಲ ಅಲ್ವಾ ಎಂದು ಕೇಳಿದಳು. ಇಲ್ಲ ಎಂದೆ. ಆಮೇಲೆ ನಾಲ್ಕು ಮಾತ್ರೆ ಕಾಗದದಲ್ಲಿ ಸುತ್ತಿ ಅವಳ ಕೈಗೆ ಕೊಟ್ಟೆ. ಒಂದು ಇವತ್ತಿಗೆ, ಮೂರು ದಾರಿಗೆ. ಕೊಟ್ಟೆನೆಂದು ಕಡತದಲ್ಲಿ ಬರೆದೆ, ಯಾಕೆಂದೂ ಬರೆದೆ.

ಅವಳು ಅದರಲ್ಲಿ ಒಂದನ್ನು ತೆಗೆದು ನೀರಿಲ್ಲದೆ ನುಂಗಿದಳು. ಕುರ್ಚಿಯಲ್ಲಿ ಕೂತು, ತಲೆ ಹಿಂದಕ್ಕೆ ಒರಗಿಸಿ ಬಾಯಿ ಅಗಲ ತೆರೆದಳು. ನಾನು ಬೇಡ, ನಂಬುತ್ತೇನೆ ಎಂದೆ. ಅವಳು ಬಾಯಿ ಮುಚ್ಚಲಿಲ್ಲ. ನನ್ನ ಮಣಿಕಟ್ಟು ಹಿಡಿದು ಹತ್ತಿರಕ್ಕೆ ಎಳೆದುಕೊಂಡಳು.

“ನೋಡಿ ಸೆನ್ಯೊರಿತಾ. ನಾಲಿಗೆ ಕೆಳಗೂ ನೋಡಿ. ಅವಳು ಮಗು ಬಿಟ್ಟು ಇದನ್ನ ನೋಡ್ತಾ ಕೂತಿದ್ಲು.”

ನಾನು ಟಾರ್ಚು ಹಿಡಿದು ನೋಡಿದೆ. ಎರಡೂ ದವಡೆ, ನಾಲಿಗೆಯ ಮೇಲೆ, ನಾಲಿಗೆಯ ಕೆಳಗೆ. ಮತ್ತೊಮ್ಮೆ ನೋಡಿದೆ. ಮಾತ್ರೆ ಪೂರ್ತಿ ಒಳಗೆ ಹೋಗಿತ್ತು.